ಅಂಗಳಕ್ಕೆ ಗೆರೆ ಎಳೆದ ಗಣಿತ

ಕಳೆದ ವಸ್ತು ಹುಡುಕಲು ಕಣ್ಣು ಬೇಕಿಲ್ಲ, ತಲೆ ಸಾಕು ಎಂದು ನಾನು ನಂಬಿದ್ದ ಕಾಲವದು. ವಿಜಾಪುರದ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದೆ. ಅಲ್ಲಿಗೆ ಬಂದ ಪತ್ರಿಕೆಯೊಂದರಲ್ಲಿ ಹೊಚ್ಚ ಹೊಸ ವಿದ್ಯೆ ಓದಿದ್ದೆ. ಜಾಗವನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಎರಡು ಮಾಡುತ್ತ, ಬೇಡವಾದ ಅರ್ಧ ಕೈಬಿಡುತ್ತ ಹೋದರೆ, ಸಾವಿರಾರು ಚುಕ್ಕೆಗಳಲ್ಲಿ ಬೇಕಾದ್ದನ್ನು ಕಂಪ್ಯೂಟರು ಚಿಟಿಕೆ ಹೊಡೆಯುವುದರಲ್ಲಿ ಹುಡುಕುತ್ತದಂತೆ!

ಒಂದು ರವಿವಾರ ತಿಕೋಟದ ಮನೆಯಲ್ಲಿ ಹೆಂಡತಿ ಶಾಂತಾಳ ಉಂಗುರ ಕಳೆಯಿತು. ಬೆಳಿಗ್ಗೆ ಅಂಗಳ ಗುಡಿಸಿ, ಗೋಡೆಗೆ ಸೆಗಣಿಯ ಕುಳ್ಳು ಬಡಿದು, ಕೈ ತೊಳೆದು ನೋಡಿದರೆ ಬೆರಳು ಬೋಳು! ತವರಿನವರು ಕೊಟ್ಟ ಉಂಗುರ. ಸಂಜೆಗೆ ಬಬಲೇಶ್ವರದಲ್ಲಿ ಅವಳ ತಮ್ಮನ ನಿಶ್ಚಯ ಬೇರೆ.

“ನಮ್ಮವ್ವ ಕೇಳಿದ್ರ ಏನ್ ಹೇಳ್ಲಿ? ನೀವೇನರ ಒತ್ತಿ ಇಟ್ಟೀರೇನ್ರಿ?” ಎಂದು ನನ್ನನ್ನೇ ಓರೆಗಣ್ಣಿನಿಂದ ನೋಡಿದಳು.

ಮಾನದ ಪ್ರಶ್ನೆ. ಹಗ್ಗ, ಸುಣ್ಣದ ಪುಡಿ ತಂದು ಅಂಗಳದ ನಟ್ಟನಡುವೆ ಗೆರೆ ಎಳೆದೆ.

“ಈ ಅರ್ಧದಾಗ ಇಲ್ಲಂತ ಹ್ಯಾಂಗ ಗೊತ್ತಾಕ್ಕೈತ್ರಿ?”

ಆಗಷ್ಟೇ ನೆನಪಾಯಿತು. ಆ ಕಂಪ್ಯೂಟರಿಗೆ ಪ್ರತಿ ಚುಕ್ಕೆಯ ಜಾಗ ಮೊದಲೇ ತಿಳಿಸಿರುತ್ತಾರೆ! ಆದರೂ ಮಾಸ್ತರನಾದವನು ಹಿಂದೆ ಸರಿಯುವುದುಂಟೆ? ಅಡ್ಡಗೆರೆಯನ್ನೂ ಎಳೆದೆ.

“ಗ್ವಾಡಿ ಕಡೆ ಒಮ್ಮೆ ನೋಡೂನಲ್ರಿ.”

“ಬಿದ್ದದ್ದು ನೆಲಕ್ಕ ಬೀಳ್ತೈತಿ. ಗ್ವಾಡಿ ಏರಂಗಿಲ್ಲ!”

ಅದೇ ಅಂಗಳದ ಆಚೆ ಬದಿಗೆ ಇರುವ, ಅಂಗಳದ ಒಂದೇ ಬಾವಿಯಿಂದ ನಮ್ಮೊಡನೆ ನೀರು ಸೇದುವ ನಮ್ಮಣ್ಣ ಮಲ್ಲಣ್ಣ ಆಗಲೇ ಹೊಲದಿಂದ ಬಂದ. ಬಿಳಿ ಗೆರೆ ನೋಡಿ ಬಾಗಿಲಲ್ಲೇ ನಿಂತ.

“ಏನ್ಲೇ ತಮ್ಮಾ, ಯಾರನ್ನೂ ಕೇಳದ ಮನಿ ಪಾಲ ಮಾಡಾಕತ್ತೀ?”

“ಪಾಲಲ್ಲಣ್ಣಾ, ಉಂಗುರ ಹುಡುಕಾಕತ್ತೇನಿ.”

“ಉಂಗುರ ಹುಡುಕವ್ರು ಕಸಬರಗಿ ಹಿಡೀತಾರ. ಸುಣ್ಣ ಹಿಡಿಯವ್ರು ಮನಿ ನುಂಗತಾರ! ಅದೂ ಬಾವಿ ನಿನ್ನ ಕಡೀಗೇ ಬರೂಹಂಗ ಎಳದೀ!”

ಗೆರೆ ನೋಡಿದೆ. ಬಾವಿ ನಿಜಕ್ಕೂ ನನ್ನ ಕಡೆಗೇ ಬಂದಿತ್ತು! ನನಗೇ ನನ್ನ ಮೇಲೆ ಸಂಶಯ ಹುಟ್ಟಿತು.

“ಹಂಗಾರ ಈ ಗ್ವಾಡಿ ನಂದು. ಗ್ವಾಡಿ ಮ್ಯಾಲಿನ ಕುಳ್ಳೂ ನಂದ!” ಎಂದು ಅಣ್ಣ ಅರೆಒಣಗಿದ ಕುಳ್ಳೊಂದನ್ನು ಸಿಟ್ಟಿನಿಂದ ಕಿತ್ತ. ಅದು ಅವನ ಕೈಯಲ್ಲೇ ಎರಡಾಯಿತು. ಒಳಗೆ ಉಂಗುರ ಹೊಳೆಯಿತು!

ಉದ್ದ ಹಿಡಿದಿದ್ದೆ, ಅಗಲ ಹಿಡಿದಿದ್ದೆ. ಎತ್ತರ ಎಂಬುದೊಂದಿದೆ ಎಂದು ಗಣಿತದವನಿಗೆ ಹೊಳೆದಿರಲಿಲ್ಲ.

ಶಾಂತಾ ಉಂಗುರ ತೊಳೆದು ಹಾಕಿಕೊಂಡು ಅಣ್ಣನ ಕಾಲಿಗೆ ಬಿದ್ದಳು. ನನ್ನತ್ತ ತಿರುಗಿಯೂ ನೋಡಲಿಲ್ಲ.

ಸುಣ್ಣ ಮುಂದಿನ ಮಳೆಗೆ ತೊಳೆದುಹೋಯಿತು, ಅಣ್ಣನ ಸಂಶಯ ಹೋಗಲಿಲ್ಲ. ಇವತ್ತಿಗೂ ನಾನು ಧೋತರ ಒಣಹಾಕಲು ಹಗ್ಗ ಹಿಡಿದರೆ ಸಾಕು, ಅಣ್ಣ ಬಂದು ಬಾವಿಕಟ್ಟೆಯ ಮೇಲೆ ಕೂತುಬಿಡುತ್ತಾನೆ!