ಮಾವನವರು ಜಪಾನನ್ನು ಮಾತಾಡಿಸಿದ್ದು

ಟೋಕಿಯೋದ ಫುನಾಬೊರಿಯಲ್ಲಿರುವ ನಮ್ಮಂಥ ಕನ್ನಡಿಗರಿಗೆ ಇಂಥ ಪ್ರಸಂಗಗಳಿಗೆ ಬರವಿಲ್ಲ. ಯಾರಾದರೊಬ್ಬರ ಅಪ್ಪನೋ ಅತ್ತೆಯೋ ಸದಾ ಊರಿನಿಂದ ಬಂದಿಳಿದಿರುತ್ತಾರೆ. ನಾವು ಅವರ ಹಿಂದೆ ‘ಸುಮಿಮಾಸೆನ್, ಸುಮಿಮಾಸೆನ್’ ಎಂದು ಕಂಡಕಂಡವರ ಕ್ಷಮೆ ಕೇಳುತ್ತ ಓಡಾಡುತ್ತಿರುತ್ತೇವೆ. ಈ ಸಲ ಪಾಳಿ ನನ್ನದು. ಮೈಸೂರಿನಿಂದ ಮಾವನವರು ಬಂದರು.

ಮಾವನವರು ಜೀವನವೆಲ್ಲ ವಿಮೆ ಏಜೆಂಟಾಗಿದ್ದವರು. ಪಕ್ಕದಲ್ಲಿ ಯಾರು ಕೂತರೂ ಯಾವೂರು, ಏನ್ ಕೆಲಸ, ಮಕ್ಕಳೆಷ್ಟು ಎಂದು ಕೇಳದಿದ್ದರೆ ಅವರಿಗೆ ತಿಂದದ್ದು ಅರಗುವುದಿಲ್ಲ. ಹೊರಡುವಾಗ ವಾಕಿಂಗ್ ಗೆಳೆಯರು, “ಅಲ್ಲಿ ರೈಲಲ್ಲಿ ಯಾರೂ ಬಾಯಿ ಬಿಡಲ್ಲವಂತೆ, ನಿಮ್ಮ ಗತಿ ಏನು?” ಎಂದು ರೇಗಿಸಿದ್ದರಂತೆ. ಇವರು ಪಾರ್ಕಿನಲ್ಲೇ ಶಪಥ ಮಾಡಿ ಬಂದಿದ್ದರು. “ರೈಲಲ್ಲಿ ಗುರುತಿಲ್ಲದ ಒಬ್ಬ ಜಪಾನಿಯಾದ್ರೂ ನನ್ನ ಜೊತೆ ಕೂತು ಮಾತಾಡಬೇಕು ಅಳಿಯಂದಿರೇ. ಅಲ್ಲೀತನಕ ಮೈಸೂರಿಗೆ ಮುಖ ತೋರಿಸಲ್ಲ.”

ನಾನು ಬೆಚ್ಚಿದೆ. ಟಿಕೆಟ್ ಒಂದು ತಿಂಗಳಿನದಾದರೂ ವೀಸಾ ಮೂರು ತಿಂಗಳಿನದು. ನಮ್ಮದು ಬೆಂಕಿಪೊಟ್ಟಣದಷ್ಟು ಮನೆ, ಹಾಲಿನಲ್ಲಿ ಅವರ ಹಾಸಿಗೆ. ಅವರು ಬೆಳಗ್ಗೆ ನಾಲಿಗೆ ಹೆರೆಯುವ ಸದ್ದು ಕೇಳಿ ಪಕ್ಕದ ಮನೆಯಾಕೆ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವೇ ಎಂದು ನನ್ನ ಹೆಂಡತಿಯನ್ನು ಮೆಲ್ಲಗೆ ವಿಚಾರಿಸಿದ್ದರು. ಶಪಥ ಮಾವನವರದಾದರೂ ಅದನ್ನು ತೀರಿಸುವ ಅವಸರ ನನ್ನದಾಯಿತು.

ಟೋಕಿಯೋ

ಮೊದಲ ಶನಿವಾರವೇ ಮಗಳನ್ನೂ ಕರೆದುಕೊಂಡು ರೈಲು ಹತ್ತಿದೆವು. ಮಾವನವರು ಕೂತ ಕೂಡಲೇ ಪಕ್ಕದವನ ಕಡೆ ತಿರುಗಿ, “ಗುಡ್ ಮಾರ್ನಿಂಗ್! ವೇರ್ ಗೋಯಿಂಗ್? ಹೌ ಮೆನಿ ಚಿಲ್ಡ್ರನ್?” ಎಂದರು. ಆತ “ಸುಮಿಮಾಸೆನ್” ಎಂದು ತಲೆ ಬಗ್ಗಿಸಿ ಎದ್ದು ಬಾಗಿಲ ಬಳಿ ನಿಂತ. ಮಾವನವರು ಸರಿದು ಆಚೆ ಕೂತವನಿಗೂ ಅದನ್ನೇ ಕೇಳಿದರು. ಅವನೂ ಎದ್ದ.

ಮಗಳು ಕೆಂಪಾಗಿ, “ತಾತಾ, ಪ್ಲೀಸ್! ಎವ್ರಿಒನ್ ಈಸ್ ಲುಕಿಂಗ್!” ಎಂದಳು. ನೋಡುವವರು ಯಾರಿದ್ದರು? ಮುಂದಿನ ಸ್ಟೇಷನ್ ಬರುವಷ್ಟರಲ್ಲಿ ಉದ್ದನೆಯ ಸೀಟು ಪೂರ್ತಿ ಖಾಲಿಯಾಗಿತ್ತು.

ಮಾವನವರು ಕಾಲು ಚಾಚಿ ಕೂತು, “ಎಂಥ ಮರ್ಯಾದಸ್ಥ ಜನ ನೋಡಿ! ನನ್ನ ವಯಸ್ಸಿಗೆ ಬೆಲೆ ಕೊಟ್ಟು ಸೀಟೆಲ್ಲ ಬಿಟ್ಟುಕೊಟ್ಟರು” ಎಂದರು.

ಕಾವಾಸಾಕಿ

ಇಲ್ಲಿ ನನ್ನ ಆಫೀಸು. ರೈಲಿನಲ್ಲದಿದ್ದರೂ ಎಲ್ಲಾದರೊಂದು ಕಡೆ ಅವರ ಬಾಯಿಚಪಲ ತೀರಲಿ ಎಂದು ಕರೆದುಕೊಂಡು ಹೋದೆ. ನನ್ನ ಸಹೋದ್ಯೋಗಿ ಇತೋ-ಸಾನ್ ಚಹಾ ಕೊಟ್ಟು, ಕೇಳಿದ್ದಕ್ಕೆಲ್ಲ ನಗುತ್ತ ತಲೆಯಾಡಿಸಿ, ಕೊನೆಗೆ ಲಿಫ್ಟಿನ ತನಕ ಬಂದರು. ಇಲ್ಲಿಯ ಪದ್ಧತಿಯಂತೆ, ಬಾಗಿಲು ಪೂರ್ತಿ ಮುಚ್ಚುವ ತನಕ ಸೊಂಟ ಬಗ್ಗಿಸಿ ನಿಂತರು.

ನಮ್ಮ ಕಡೆಯ ಪದ್ಧತಿ ಬೇರೆ. ಹೊರಟು ಗೇಟಿನ ಹತ್ತಿರ ನಿಂತ ಮೇಲೆಯೇ ನಮಗೆ ಮುಖ್ಯವಾದ ಮಾತು ನೆನಪಾಗುವುದು. ಬಾಗಿಲು ಮುಚ್ಚುವಷ್ಟರಲ್ಲಿ ಮಾವನವರು ಗುಂಡಿ ಒತ್ತಿ, “ಯೂ ಮಸ್ಟ್ ಕಮ್ ಟು ಮೈಸೂರ್!” ಎಂದರು. ಇತೋ-ಸಾನ್ ಮತ್ತೆ ಬಗ್ಗಿದರು. ಬಾಗಿಲು ಮುಚ್ಚತೊಡಗಿತು. ಮತ್ತೆ ಗುಂಡಿ. “ವಿತ್ ಫ್ಯಾಮಿಲಿ!” ಮತ್ತೆ ಬಗ್ಗಿದರು. ಮತ್ತೆ ಗುಂಡಿ. “ದಸರಾ ಟೈಮ್!” ಆ ಮನುಷ್ಯ ನೆಟ್ಟಗಾಗುವುದನ್ನೇ ಬಿಟ್ಟರು. ನಾನು ಮಾವನವರ ಕೈ ಹಿಡಿದು ಮೆಟ್ಟಿಲಿನಲ್ಲಿ ಇಳಿಸಿದೆ.

ಮಾರನೆಯ ದಿನ ಇತೋ-ಸಾನ್ ಆಫೀಸಿಗೆ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಬಂದಿದ್ದರು.

ನಗೋಯಾ

ಮುಂದೆ ನಗೋಯಾ. ಕಾರು ಕಾರ್ಖಾನೆಯೊಂದರಲ್ಲಿ ಎಂಜಿನಿಯರ್ ಆಗಿರುವ ಗೆಳೆಯನ ಮನೆಯಲ್ಲಿ ಇಳಿದುಕೊಂಡೆವು. ದಾರಿಯುದ್ದಕ್ಕೂ ಬುಲೆಟ್ ರೈಲಿನಲ್ಲಿ ಒಂದು ಪಿಸುಮಾತೂ ಇರಲಿಲ್ಲ. “ಮೈಗೆ ಮೈ ತಾಗಿಸಿ ಕೂರ್ತಾರೆ, ಊಟ ಆಯ್ತಾ ಅಂತ ಒಬ್ಬರೂ ಕೇಳಲ್ಲವಲ್ಲ ಅಳಿಯಂದಿರೇ” ಎಂದು ಮಾವನವರು ಮುಖ ಸಣ್ಣದು ಮಾಡಿಕೊಂಡರು. ನನಗೆ ನಿಜವಾಗಿಯೂ ಪಾಪ ಅನ್ನಿಸಿತು. ಹೊಸದಾಗಿ ಬಂದಾಗ ನನಗೂ ಹಾಗೇ ಆಗಿತ್ತು.

ಸಂಜೆ ಸ್ನಾನಕ್ಕೆ ಹೋದವರು ಟವಲ್ ಸುತ್ತಿಕೊಂಡು ಹೊರಗೋಡಿ ಬಂದರು. “ಒಳಗೆ ಯಾರೋ ಹೆಣ್ಣುಮಗಳಿದ್ದಾಳೆ! ಏನೋ ಹೇಳಿದಳು!”

ಗೆಳೆಯ ನಗು ತಡೆದುಕೊಂಡು, “ಅದು ನೀರು ಕಾಯಿಸೋ ಮೆಷಿನ್ನು ಅಂಕಲ್. ತೊಟ್ಟಿ ನೀರು ಕಾದಿದೆ ಅಂತ ಹೇಳುತ್ತೆ” ಎಂದ.

ಅಂದು ಮಾವನವರು ಫೋನಿನಲ್ಲಿ ಅತ್ತೆಗೆ ವರದಿ ಒಪ್ಪಿಸಿದರು: “ಈ ದೇಶದಲ್ಲಿ ಹಂಡೆ ಮಾತಾಡುತ್ತೆ ಕಣೇ, ಮನುಷ್ಯರು ಮಾತಾಡಲ್ಲ.”

ಒಸಾಕಾ

ಹೊರಡುವ ದಿನ ಹತ್ತಿರವಾದರೂ ಶಪಥ ಹಾಗೇ ಉಳಿದಿತ್ತು. ಟಿಕೆಟ್ ಮುಂದಕ್ಕೆ ಹಾಕಿಸುವ ಮಾತು ಶುರುವಾಗಿತ್ತು. ಕೊನೆಯ ಪ್ರಯತ್ನವೆಂದು ಒಸಾಕಾಗೆ ಕರೆದುಕೊಂಡು ಹೋಗಿ, ಅಲ್ಲಿಂದ ಕ್ಯೋಟೋಗೆ ಹೋಗುವ ರೈಲು ಹತ್ತಿಸಿದೆ. ಸೋತು ಸುಣ್ಣವಾಗಿದ್ದ ಮಾವನವರು ಯಾರನ್ನೂ ಮಾತಾಡಿಸಲು ಹೋಗಲಿಲ್ಲ.

ಪಕ್ಕದಲ್ಲಿ ಚಿರತೆ ಚುಕ್ಕೆಯ ಅಂಗಿ ತೊಟ್ಟ ಹೆಂಗಸೊಬ್ಬರು ಕೂತರು. ಸುಮಾರು ಮಾವನವರದೇ ವಯಸ್ಸು. ಕೂತವರೇ ಚೀಲ ತೆರೆದು ಮಾವನವರ ಅಂಗೈಗೆ ಒಂದು ಪೆಪ್ಪರಮೆಂಟು ಇಟ್ಟರು. “ಯಾವ ದೇಶ?”

ನಾನು ಕನ್ನಡಕ್ಕೆ ತಿರುಗಿಸಿ ಹೇಳಿದ್ದೇ ತಡ, ಮಾವನವರ ಕಣ್ಣಲ್ಲಿ ನೀರಾಡಿತು. “ಇಂಡಿಯಾ! ಮೈಸೂರು!”

ಆಮೇಲೆ ಆಕೆ ನಿಲ್ಲಲಿಲ್ಲ. ವಯಸ್ಸೆಷ್ಟು? ಮಕ್ಕಳೆಷ್ಟು? ಬಿ.ಪಿ. ಇದೆಯಾ? ಈ ಅಳಿಯ ಹೇಗೆ, ಒಳ್ಳೆಯವನಾ?

“ಪರವಾಗಿಲ್ಲ” ಎಂದರು ಮಾವನವರು. “ಬಂಗಾರದಂಥವನು” ಎಂದು ನಾನು ಜಪಾನಿ ಭಾಷೆಗೆ ತಿರುಗಿಸಿದೆ.

ಮಾವನವರು ತಾವೊಂದು ಪ್ರಶ್ನೆ ಕೇಳಲು ಬಾಯಿ ತೆರೆದಾಗಲೆಲ್ಲ ಆಕೆ ಇನ್ನೊಂದು ಪೆಪ್ಪರಮೆಂಟು ಕೊಡುತ್ತಿದ್ದರು. ನಿಮ್ಮ ಮನೆಯಲ್ಲಿ ದುಡಿಯುವವರು ಯಾರು? ನಾಳೆ ನಿಮಗೇನಾದರೂ ಆದರೆ ಹೆಂಡತಿಯ ಗತಿ?

ನಾನು ಇದನ್ನು ಹೇಳುತ್ತಿದ್ದಂತೆ ಮಾವನವರ ಮುಖದ ನಗು ಮೆಲ್ಲಗೆ ಇಳಿಯಿತು. ಆ ಪ್ರಶ್ನೆಯನ್ನು ಅವರು ಮೈಸೂರಿನ ಅರ್ಧ ಜನರಿಗೆ ಕೇಳಿದ್ದರು. ಅದರ ನಂತರ ಚೀಲದಿಂದ ಏನು ಹೊರಬರುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆಕೆಯ ಕೈ ಚೀಲಕ್ಕೆ ಹೋಯಿತು. ವಿಮೆಯ ಬಣ್ಣಬಣ್ಣದ ಪಾಂಪ್ಲೆಟ್ ಹೊರಬಂತು.

ಮಾವನವರು ತಟ್ಟನೆ ಎದ್ದರು. “ಸುಮಿಮಾಸೆನ್” ಎಂದು ತಲೆ ಬಗ್ಗಿಸಿ ನನ್ನ ತೋಳು ಹಿಡಿದೆಳೆದರು. “ಏಳಿ ಅಳಿಯಂದಿರೇ, ಮುಂದಿನ ಬೋಗಿಗೆ ಹೋಗೋಣ. ಶಪಥ ತೀರಿತು. ಭಾನುವಾರದ ಫ್ಲೈಟಿಗೇ ಹೊರಡ್ತೀನಿ.”

ನಾವು ಎದ್ದ ಜಾಗದಲ್ಲಿ ಆಕೆ ಚೀಲವಿಟ್ಟು ಆರಾಮಾಗಿ ಒರಗಿಕೊಂಡು, ಎದುರಿನವರಿಗೆ ಏನೋ ಹೇಳಿದರು.

“ಏನಂತೆ?” ಎಂದರು ಮಾವನವರು, ಬಾಗಿಲ ಬಳಿಯಿಂದಲೇ.

“ಇಂಡಿಯಾದವರು ಎಂಥ ಮರ್ಯಾದಸ್ಥ ಜನ, ನನ್ನ ವಯಸ್ಸಿಗೆ ಬೆಲೆ ಕೊಟ್ಟು ಸೀಟೆಲ್ಲ ಬಿಟ್ಟುಕೊಟ್ಟರು ಅಂತಿದ್ದಾರೆ.”