ಎರಡು ಲೈಸೆನ್ಸು, ಒಬ್ಬ ಅತ್ತೆ

ಸರಕಾರಿ ಕಾಗದವೊಂದು ಮನೆಗೆ ಬರಬೇಕಾದರೆ ನಮ್ಮಲ್ಲಿ ಏನಾದರೊಂದು ಫಜೀತಿ ಆಗಲೇಬೇಕು. ರೇಷನ್ ಕಾರ್ಡಿನಲ್ಲಿ ನನ್ನ ಗಂಡ ಅವರಪ್ಪನಿಗಿಂತ ದೊಡ್ಡವರು! ಅಂಥ ಮನೆಯ ಸೊಸೆ ನಾನು, ನಲವತ್ತು ದಾಟಿದ ಮೇಲೆ ವಿಮೆ ಏಜೆಂಟ್ ಆಗಲು ಹೊರಟೆ. ಅದಕ್ಕೆ ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಬೇಕು. ಮುಧೋಳ, ಬೀಳಗಿ ಕಡೆಯ ಹಳ್ಳಿ ತಿರುಗಲು ಸ್ಕೂಟರ್ ಬೇಕು, ಅದಕ್ಕೂ ಲೈಸೆನ್ಸ್. "ಯುಗಾದಿಯೊಳಗ ಎರಡೂ ತರ್ರಿ. ಇಲ್ಲಾಂದ್ರ ಆ ಹಳ್ಳಿ ಬ್ಯಾರೆಯವರಿಗೆ ಕೊಡ್ತೇನಿ" ಎಂದರು ವಿಮೆ ಕಚೇರಿಯ ಸಾಹೇಬರು. ಇಪ್ಪತ್ತು ವರ್ಷ ಬನಹಟ್ಟಿಯ ಮನೆಯಲ್ಲಿ ಮಗ್ಗದ ಸದ್ದು ಕೇಳುತ್ತ ಕೂತವಳು ನಾನು. ಈ ಕೆಲಸ ಕೈಬಿಡಲು ನನಗೆ ಸುತರಾಂ ಮನಸ್ಸಿರಲಿಲ್ಲ.

೧. ಮೂಲೆ ಮನೆಯಾಕೆ

ಕರೆಂಟು ಹೋಗಿ ಮಗ್ಗ ನಿಂತಾಗಲೆಲ್ಲ ಅತ್ತೆ ನನ್ನ ಪುಸ್ತಕ ಹಿಡಿದು ಪ್ರಶ್ನೆ ಕೇಳುತ್ತಿದ್ದರು. "ಪಾಲಿಸಿದಾರ ಸತ್ತರೆ ಹಣ ಯಾರಿಗೆ" ಎಂಬಲ್ಲಿಗೆ ಬಂದು ತಡೆದರು.

"ಪಾಲಿಸಿದಾರ ಬ್ಯಾಡವಾ. ನನ್ನ ಮಗಾನೂ ಪಾಲಿಸಿ ಮಾಡಿಸ್ಯಾನ. ಮೂಲಿ ಮನಿಯಾಕಿ ಸತ್ತಳು ಅಂತ ತಿಳ್ಕೊ."

ಮೂಲೆ ಮನೆಯಾಕೆಗೂ ಅತ್ತೆಗೂ ನಳದ ನೀರಿನ ಜಗಳವಾಗಿ ಮಾತು ನಿಂತಿತ್ತು. ಆಕೆಯ ಸೊಸೆಯನ್ನು ಕಂಡರಂತೂ ಅತ್ತೆಗೆ ಇನ್ನೂ ಆಗದು.

"ರೊಕ್ಕ ನಾಮಿನಿಗ್ರಿ" ಎಂದೆ. "ಸೊಸಿ ಹೆಸರ ಬರಿಸಿದ್ರ ಸೊಸಿಗೆ."

ಅತ್ತೆ ಪಟ್ಟನೆ ಪುಸ್ತಕ ಮುಚ್ಚಿದರು. "ಹಂಗಾರ ಆಕಿ ಬದಕಲಿ ಬಿಡು!"

೨. ಎದುರಿನ ಗಾಡಿ

ವಿಮೆ ಪರೀಕ್ಷೆ ಪಾಸಾಯಿತು. ಮುಂದೆ ಕಲಿಕಾ ಲೈಸೆನ್ಸಿಗೆ ಜಮಖಂಡಿಗೆ ಹೋದೆ. ಕಂಪ್ಯೂಟರಿನಲ್ಲಿ ಪ್ರಶ್ನೆ: ಸೇತುವೆ ಕಿರಿದಾಗಿದೆ, ಎದುರಿನಿಂದ ಗಾಡಿ ಬರುತ್ತಿದೆ, ಏನು ಮಾಡುತ್ತೀರಿ? ನಾನು ಉತ್ತರ ಒತ್ತಿದೆ. ನನ್ನ ಪಕ್ಕದಲ್ಲಿ ತುಬಚಿಯ ಯಜಮಾನರೊಬ್ಬರು. ಅರ್ಧ ಆಯುಷ್ಯ ಟ್ರ್ಯಾಕ್ಟರ್ ಓಡಿಸಿ ಈಗ ಲೈಸೆನ್ಸಿಗೆ ಬಂದವರು. ಅವರು ಅಧಿಕಾರಿಯನ್ನೇ ಕರೆದರು.

"ಸಾಹೇಬ್ರ, ಎದುರಿನ ಗಾಡಿ ಯಾರದಂತ ಬರದಿಲ್ಲಲ್ರೀ?"

"ಯಾರದಾದ್ರೇನ್ರೀ?"

"ಹಂಗಂದ್ರ ಹೆಂಗ್ರೀ? ಬೀಗರದಾದ್ರ ನಾ ಹಿಂದ ಸರೀತೇನಿ. ದಾಯಾದೀದಾದ್ರ ಅಂವನ ಸರೀಲಿ!"

೩. ಎಂಟು

ಕೊನೆಯದು ಸ್ಕೂಟರ್ ಪರೀಕ್ಷೆ. ನೆಲದ ಮೇಲೆ ಬರೆದ ಎಂಟರ ಗೆರೆಯೊಳಗೆ ಗಾಡಿ ತಿರುಗಿಸಬೇಕು, ಕಾಲು ನೆಲಕ್ಕೆ ತಾಗಿದರೆ ಫೇಲು. ಅರ್ಧ ಎಂಟು ಮುಗಿಸಿದ್ದೆ. ಅಷ್ಟರಲ್ಲಿ, ನಾನು ಮರೆತುಬಂದ ಆಧಾರ್ ಕಾರ್ಡ್ ಹಿಡಿದು ಮಾವನವರು ಎದುರಿಗೇ ಬಂದು ನಿಂತರು. ಹಿರಿಯರು ಎದುರಾದರೆ ಗಾಡಿ ಇಳಿದು ತಲೆಗೆ ಸೆರಗು ಹೊದೆಯುವುದು ನಮ್ಮ ಮನೆಯ ರೂಢಿ. ಕೈಕಾಲು ತಮ್ಮಷ್ಟಕ್ಕೆ ತಾವೇ ಆ ಕೆಲಸ ಮಾಡಿಬಿಟ್ಟವು. ಹೆಲ್ಮೆಟ್ಟಿನ ಮೇಲೇ ಸೆರಗು ಹೊದ್ದು ನಿಂತಿದ್ದೆ.

"ಫೇಲ್" ಎಂದರು ಇನ್ಸ್‌ಪೆಕ್ಟರ್.

ಅಂದು ರಾತ್ರಿ ಊಟವೇ ಸೇರಲಿಲ್ಲ. ಮುಂದಿನ ಸರದಿ ಸಿಕ್ಕಿದ್ದು ಯುಗಾದಿಗೆ ಮೂರು ದಿನ ಮೊದಲು. ಅದೂ ತಪ್ಪಿದರೆ ಹಳ್ಳಿಗಳು ಹೋದಂತೆಯೇ.

ಈ ಸಲ ಮಾವನವರ ಜೊತೆ ಅತ್ತೆಯೂ ಬಂದರು. "ಆಗೋ ಮಟ ತಿರಗಬ್ಯಾಡ್ರಿ" ಎಂದು ಮಾವನವರನ್ನು ಕಂಪೌಂಡ್ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಸಾಲಿನಲ್ಲಿದ್ದ ಬನಹಟ್ಟಿಯ ಇಬ್ಬರು ಹಿರಿಯರಿಗೂ ಅದೇ ಗತಿ. ಆಮೇಲೆ ನೆಟ್ಟಗೆ ಇನ್ಸ್‌ಪೆಕ್ಟರ್ ಹತ್ತಿರ ಹೋದರು.

"ಸಾಹೇಬ್ರ, ನಿಮಗೂ ತಲಿ ಬೆಳ್ಳಗಾಗೈತಿ. ಸ್ವಲ್ಪ ಅತ್ತಾಗ ತಿರಗ್ರಿ."

"ನಾನೂ ತಿರಗಿದ್ರ ಪರೀಕ್ಷಾ ನೋಡಾವ್ರು ಯಾರವ್ವಾ?"

"ನಾ ನೋಡಿ ಹೇಳ್ತೇನಲ್ರೀ!"

ಇನ್ಸ್‌ಪೆಕ್ಟರ್ ತಿರುಗಲಿಲ್ಲ, ಆದರೆ ನಗು ತಡೆಯಲಾಗದೆ ಬಾಯಿಗೆ ಕರವಸ್ತ್ರ ಹಿಡಿದರು. ನಾನು ಉಸಿರು ಬಿಗಿಹಿಡಿದು ಎಂಟು ಮುಗಿಸಿದೆ. ಕಾಲು ನೆಲಕ್ಕೆ ತಾಗಲಿಲ್ಲ. ಪಾಸ್!

"ಆತು, ಇನ್ನ ತಿರಗ್ರಿ" ಎಂದರು ಅತ್ತೆ. ಮಾವನವರು ತಿರುಗಿದ್ದೇ ತಡ, ನಾನು ಗಾಡಿ ಇಳಿದು ಹೆಲ್ಮೆಟ್ಟಿನ ಮೇಲೆ ಸೆರಗು ಹೊದ್ದೆ. ಕಣ್ಣು ತುಂಬಿ ಬಂದದ್ದು ಯಾರಿಗೂ ಕಾಣಲಿಲ್ಲ.

ಯುಗಾದಿಯ ಹಿಂದಿನ ದಿನವೇ ಲೈಸೆನ್ಸ್ ಕೈಗೆ ಬಂತು. ಅಂದು ಅತ್ತೆ ಸೀರೆ ಸರಿಮಾಡಿಕೊಂಡು ಹಿಂದಿನ ಸೀಟಿಗೆ ಏರಿದರು.

"ನಡಿಯವಾ, ಮೊದಲ ಮೂಲಿ ಮನಿಗೆ. ಆಕೀದ ಪಾಲಿಸಿ ಮಾಡಸೂಣು. ನಾಮಿನಿ ಜಾಗಾದಾಗ ಮಾತ್ರ ಸೊಸಿ ಹೆಸರ ಬರೀಬ್ಯಾಡ!"