ಕಂಡಕ್ಟರ್ ಅಂದಾನೆಪ್ಪನ ಉದರವಿಜಯ

ಸ್ವಸ್ತಿ! ಸಕಲ ಜೀವರಾಶಿಯನ್ನು ಬೆಳಗಾಗೆದ್ದು ಅಡುಗೆಮನೆಯ ಕಡೆಗೆ ಎಳೆದೊಯ್ಯುವ ಜಠರಾಗ್ನಿದೇವನೇ, ನಿನಗೆ ಮೊದಲ ನಮಸ್ಕಾರ. ಆ ಅಗ್ನಿಗೆ ಹೊತ್ತುಹೊತ್ತಿಗೆ ಹವಿಸ್ಸನ್ನೀಯುವ ತಾಯಿ ಅನ್ನಪೂರ್ಣೆಯೇ, ನಿನಗೆ ಎರಡನೆಯದು. ಆದರೆ ಈ ಕಥೆ ಮುಗಿಯುವವರೆಗೆ ನೀನು ದಯಮಾಡಿ ತುಸು ದೂರ ನಿಲ್ಲಬೇಕು.

ಕಲಿಯುಗದಲ್ಲಿ, ತುಂಗಭದ್ರೆಯ ಬಡಗಣ ನಾಡಿನಲ್ಲಿ, ಸಂಜೆಯಾಯಿತೆಂದರೆ ಬೀದಿಬೀದಿಗೂ ಎಣ್ಣೆಯ ಕಡಾಯಿಗಳು ಭೋರ್ಗರೆಯುವ ಗದಗ ಪಟ್ಟಣದಲ್ಲಿ, ರೊಟ್ಟಿರಾಶಿಮರ್ದನನೂ, ಮಿರ್ಚಿಮಂಡಲಭಂಜನನೂ, ಏಕಾಂಗಿಯಾಗಿಯೇ ಆಸನದ್ವಯವ್ಯಾಪಕನೂ ಆದ ಅಂದಾನೆಪ್ಪ ಬೆಣ್ಣಿ ಎಂಬ ಮಹಾಪುರುಷನಿದ್ದನು. ವೃತ್ತಿಯಿಂದ ಅವನು ಸರಕಾರಿ ಬಸ್ಸಿನ ಕಂಡಕ್ಟರ್.

ಗದಗ–ರೋಣ ಬಸ್ಸಿನ ಇಕ್ಕಟ್ಟಾದ ನಡುದಾರಿಯೇ ಈ ವೀರನ ರಣರಂಗ. ಕೋಳಿಬುಟ್ಟಿಗಳನ್ನು ಲಂಘಿಸುತ್ತ, ಚಿಲ್ಲರೆಗಳ್ಳರನ್ನು ದಂಡಿಸುತ್ತ, ಒಂದೇ ಸೀಟಿಯ ನಾದದಿಂದ ಆ ಲೋಹರಥವನ್ನು ನಿಲ್ಲಿಸುತ್ತ ಹೊರಡಿಸುತ್ತ ಅವನು ಬಹುಕಾಲ ಮೆರೆದನು. ಆದರೆ ಸೀಟುಗಳ ಸಾಲು ಇದ್ದಲ್ಲಿಯೇ ಇರಲಾಗಿ, ಅಂದಾನೆಪ್ಪನ ಉದರವೊಂದು ಮಾತ್ರ ವರ್ಷದಿಂದ ವರ್ಷಕ್ಕೆ ಉಭಯ ದಿಕ್ಕುಗಳಿಗೂ ದಂಡಯಾತ್ರೆ ಹೊರಟಿತು. ಒಂದು ಸಂತೆಯ ದಿನ ಅವನು ನಡುದಾರಿಯಲ್ಲಿ ಸಿಕ್ಕಿಕೊಂಡುಬಿಟ್ಟನು. ಇಳಿಯಬೇಕಾಗಿದ್ದ ಅಜ್ಜಿಯೊಬ್ಬಳು ಅವನ ಹಿಂದೆಯೇ ಉಳಿದು, ತನ್ನ ಊರನ್ನು ಕಿಟಕಿಯಲ್ಲಿ ನೋಡುತ್ತ ಮುಂದಿನ ಊರಿಗೆ ಹೋದಳು. ಆ ಅಜ್ಜಿ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಮೇಲಧಿಕಾರಿಗಳು ಅವನನ್ನು ಡಿಪೋದೊಳಗೆ ಒಂದು ಕುರ್ಚಿಯ ಮೇಲೆ ಕೂರಿಸಿದರು. ಸೀಟಿ ಜೇಬಿನಲ್ಲೇ ಉಳಿಯಿತು. ಸಹೋದ್ಯೋಗಿಗಳು ಪುಣ್ಯವಂತನೆಂದು ಚೇಷ್ಟೆ ಮಾಡಿದರೆ ಅವನೂ ನಗುತ್ತಿದ್ದನು. ಆದರೆ ಹೊರಗೆ ರೋಣದ ಬಸ್ಸು ಹೊರಡುವ ಸದ್ದಾದಾಗ ಅವನಿಗೆ ನಿಜವಾಗಿಯೂ ಅಳು ಬರುತ್ತಿತ್ತು. ಮತ್ತೊಮ್ಮೆ ಬಸ್ಸು ಹತ್ತಬೇಕು, ಆ ನಡುದಾರಿಯಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡಬೇಕು: ಇದೊಂದೇ ಆಸೆಯಿಂದ ಅವನು ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಹೊಟ್ಟೆ ಕಿರಿದು ಮಾಡುವ ಆಪರೇಶನ್ನಿಗೆ ಹೆಸರು ಹಚ್ಚಿ, ಪಾಳಿಗಾಗಿ ಕಾಯುತ್ತಿದ್ದನು.

ಹೀಗಿರಲಾಗಿ ಒಂದು ಸೋಮವಾರ ಫೋನು ಮೊಳಗಿತು. ಆ ಕಡೆಯಿಂದ ಮಾತಾಡಿದವರು ಸಾಕ್ಷಾತ್ ಡಾಕ್ಟರಬಾಯಿ.

"ಬೆಣ್ಣಿಯವರ, ಶುಕ್ರವಾರದ ಪೇಶಂಟ್ ಹೆದರಿ ಹಿಂದ ಸರದಾರ. ಆ ಜಾಗಾ ನಿಮಗ ಕೊಡ್ತೀನಿ. ಇಲ್ಲಂದ್ರ ದೀಪಾವಳಿ ಮುಗದ ಮ್ಯಾಲನ ನೋಡ್ರಿ."

"ಬರ್ತೀನ್ರಿ!"

"ತಡೀರಿ. ಇವತ್ತಿಂದ ಬರೇ ತಿಳಿ ಕುಡೀಬೇಕು. ಹದಿನೈದು ದಿನ ಮಾಡೂದದು, ನಿಮಗ ಇರೂದ ನಾಕ ದಿನ. ನಿಮ್ಮ ಲಿವರ್ ಉಬ್ಬಿ ದಾರಿಗೆ ಅಡ್ಡ ಕುಂತೈತಿ. ಅದು ಸರೀಲಿಲ್ಲಂದ್ರ ನನಗ ಒಳಗ ಹೋಗಾಕ ಬರಂಗಿಲ್ಲ. ಹಂಗ ಹೊಲದು ಮನಿಗೆ ಕಳಸ್ತೀನಿ."

ಶರೀರಶಾಸ್ತ್ರದ ಈ ಗಹನ ತತ್ತ್ವವು ಅಂದಾನೆಪ್ಪನಿಗೆ ಒಡನೆಯೇ ತಿಳಿಯಿತು. ನಡುದಾರಿಗೆ ಅಡ್ಡ ನಿಂತ ದಪ್ಪ ಆಸಾಮಿಯಿಂದ ಎಂಥ ಅನರ್ಥವಾಗುತ್ತದೆಂಬುದನ್ನು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆಗ ಅವನು ಎದ್ದು ನಿಂತು, ಗೋಡೆಗೆ ಕೈಯೂರಿ, ಪ್ರತಿಜ್ಞೆಗೈದನು: "ಎಲೈ ಯಕೃತ್ತೇ! ಎಷ್ಟು ಕಡುಬು, ಎಷ್ಟು ಹೋಳಿಗೆಗಳ ಕಪ್ಪಕಾಣಿಕೆಯಿಂದ ನೀನು ಕೊಬ್ಬಿ ಕುಳಿತಿರುವೆಯೋ ಅವೆಲ್ಲವನ್ನೂ ಇಂದಿನಿಂದ ನಿಲ್ಲಿಸಿದೆನು. ದಿಕ್ಪಾಲಕರು ಬಂದು ಬಡಿಸಿದರೂ ಬಾಯಿ ತೆರೆಯೆನು!" ಕಥೆ ಹೇಳುವವರಿಗೆ ಇಷ್ಟಾದರೂ ಬೇಕಾಗುತ್ತದೆ. ಅವನು ಹೆಂಡತಿಗೆ ಹೇಳಿದ್ದು ಮಾತ್ರ ಇಷ್ಟು: "ಶಂಕ್ರಿ, ಇನ್ನ ನಾ ಏನೂ ತಿನ್ನಂಗಿಲ್ಲ. ಮಜ್ಜಿಗಿ ಕೊಡು."

ಮೂವತ್ತು ವರ್ಷಗಳಿಂದ ಆ ಮನೆಯ ಒಲೆಯನ್ನಾಳಿದ ಶಂಕರವ್ವ ಒಂದು ಗಳಿಗೆ ಅವನ ಮುಖವನ್ನೇ ನೋಡಿದಳು. ನಂಬಿಕೆ ಬಂದಮೇಲೆ ಯುದ್ಧಕ್ಕೆ ಅಣಿಯಾದಳು. ಸಜ್ಜೆರೊಟ್ಟಿಯ ಬುಟ್ಟಿ ನೆರೆಮನೆಗೆ ಗಡೀಪಾರಾಯಿತು. ಶೇಂಗಾಚಟ್ನಿ, ಗುರೆಳ್ಳುಚಟ್ನಿ, ಅಗಸಿಚಟ್ನಿಗಳು ಕಪಾಟಿನೊಳಗೆ ಬಂಧಿಯಾಗಿ, ಬೀಗದ ಕೈ ಅವಳ ಸೊಂಟ ಸೇರಿತು. ಗಂಜಿಯ ತಿಳಿ, ಮಜ್ಜಿಗೆ, ಬೇಳೆಕಟ್ಟಿನ ತಿಳಿ: ಈ ಮೂವರು ಕೃಶಕಾಯರೇ ಇನ್ನು ವೀರನ ಸೈನ್ಯ. ಮಂಗಳವಾರ ಸಂಜೆ ಓಣಿಯ ಮೂಲೆಯಿಂದ ಮಿರ್ಚಿಭಜಿಯ ಪರಿಮಳವು ಕಿಟಕಿಯೊಳಗಿಂದ ದಾಳಿಯಿಟ್ಟಾಗ ಅವನು ಹೊದಿಕೆಯನ್ನು ಮುಖದ ಮೇಲೆಳೆದುಕೊಂಡು ಮಲಗಿದನು. ಬುಧವಾರ ಎಲ್ಲರ ಮೇಲೂ ಸಿಟ್ಟಾದನು. ಆದರೂ ಒಂದು ತುಣುಕೂ ಒಳಗೆ ಹೋಗಲಿಲ್ಲ.

ಗುರುವಾರ ಬೆಳಗ್ಗೆ ನಿಜವಾದ ಯುದ್ಧ ಬಂದಿತು. ಅದು ರೋಣದ ಬಸ್ಸಿನಲ್ಲಿಯೇ ಬಂದಿತು.

ಅಂದಾನೆಪ್ಪನ ಅಕ್ಕ ನಿಂಬೆವ್ವ, ಒಣಗಿದ ಬೋರೆಕಡ್ಡಿಯಂಥ ಮೈಯವಳು, ತಲೆಯ ಮೇಲೊಂದು ಬುಟ್ಟಿ, ಕಂಕುಳಲ್ಲೊಂದು ಬುಟ್ಟಿ ಹೊತ್ತು, ದಾರಿಯಲ್ಲೇ ಓಣಿಯ ಐವರು ಮುತ್ತೈದೆಯರನ್ನು ಕರೆದುಕೊಂಡು ಒಳಗೆ ಪ್ರವೇಶಿಸಿದಳು. ಬುಟ್ಟಿಗಳು ತೆರೆದವು. ಮೊಸರಬುತ್ತಿ, ಹುಳಿಬುತ್ತಿ, ಎಳ್ಳು ಹಚ್ಚಿದ ರೊಟ್ಟಿ, ಎಣ್ಣೆಗಾಯಿ, ಮಾದಲಿ, ಕರಿಗಡಬುಗಳು ವ್ಯೂಹ ರಚಿಸಿಕೊಂಡು ನಿಂತವು. ಮಣೆಯ ಸುತ್ತ ರಂಗೋಲಿ ಬಿತ್ತು. ನೆಲದ ಮೇಲೆ ಕೂರಲು ವೀರನಿಗೆ ಆಗದ ಕಾರಣ ಮಣೆಯನ್ನು ಕುರ್ಚಿಯ ಮೇಲಿಟ್ಟರು.

"ಏನಕ್ಕಾ ಇದು?"

"ಬಯಕಿ ಊಟ. ನಾಳಿಂದ ನಿನಗ ತಿನ್ನಾಕ ಬರಂಗಿಲ್ಲಂತಲ್ಲ? ಬಯಕಿ ಒಳಗ ಉಳದ್ರ ಹೊಟ್ಟಿ ಕೊಯ್ದ ಗಾಯ ಮಾಯಂಗಿಲ್ಲ. ಬಸುರಿಗೊಂದು ನ್ಯಾಯ, ನಿನಗೊಂದು ನ್ಯಾಯ ಏನು? ಕೂಡು."

ಬಸುರಿಯರಿಗೆ ಹಸಿರು ಸೀರೆ ಕೊಡುವುದು ಪದ್ಧತಿ. ನಿಂಬೆವ್ವ ವಿಚಾರ ಮಾಡಿ ಹಸಿರು ಟವೆಲ್ ತಂದಿದ್ದಳು. ಆ ಟವೆಲನ್ನೇ ಅವನ ತೊಡೆಯ ಮೇಲೆ ಹರಡಿ, ಅಕ್ಕಿ, ಕೊಬ್ಬರಿ ಬಟ್ಟಲು ಹಾಕಿ ಮುತ್ತೈದೆಯರು ಉಡಿ ತುಂಬಿದರು. ಯಾರೂ ನಗಲಿಲ್ಲ.

"ಅಕ್ಕಾರ, ಡಾಕ್ಟರಬಾಯಿ ಏನೂ ತಿನ್ನಬ್ಯಾಡಂದಾರ್ರಿ," ಎಂದಳು ಶಂಕರವ್ವ.

"ಡಾಕ್ಟರಬಾಯಿ ಇವನ್ನ ಸಾಕ್ಯಾಳೇನು? ಅವ್ವ ಸತ್ತಾಗ ಇಷ್ಟಿದ್ದ. ನನ್ನ ಕೈತುತ್ತು ತಿಂದು ಇಷ್ಟಾಗ್ಯಾನ!"

ಆ ಮಾತಿಗೆ ಪ್ರಮಾಣವು ಎಲ್ಲರ ಕಣ್ಣೆದುರಿಗೇ, ಕುರ್ಚಿಯ ಎರಡೂ ಕಡೆಗೆ ಚಾಚಿಕೊಂಡು, ಕುಳಿತಿತ್ತು.

ನಿಂಬೆವ್ವ ಮೊಸರಬುತ್ತಿಯ ತುತ್ತನ್ನು ಎತ್ತಿ ಅವನ ಬಾಯಿಯವರೆಗೆ ತಂದಳು. ಬಯಕೆಯ ತುತ್ತನ್ನು ಒಮ್ಮೆ ಎತ್ತಿದ ಮೇಲೆ ತಾಟಿಗಿಳಿಸಬಾರದೆಂಬುದು ಆ ಸೀಮೆಯ ಕಟ್ಟಳೆ. ಬಾಯಿ ತೆರೆದರೆ ಬಸ್ಸು ಹೋಯಿತು. ತೆರೆಯದಿದ್ದರೆ ಅಕ್ಕನ ಮನಸ್ಸು ಮುರಿಯಿತು. ಒಗ್ಗರಣೆಯ ಘಮ ಮೂಗಿಗೆ ಬಡಿಯಿತು. ಮೂರು ದಿನ ಉಪವಾಸವಿದ್ದ ಅವನ ನಾಲಿಗೆ ಒಡೆಯನ ಅಪ್ಪಣೆ ಕೇಳದೆ ತುಟಿಯವರೆಗೂ ಬಂದುಬಿಟ್ಟಿತ್ತು.

ಅಷ್ಟರಲ್ಲಿ ಅವನ ಕಣ್ಣಿಗೆ ಬಿದ್ದದ್ದು ಅಕ್ಕನ ಮುಂಗೈ. ಎತ್ತಿದ ಕೈಯಿಂದ ಬಳೆಗಳು ಜಾರಿ ಮೊಣಕೈಗೆ ಹೋಗಿ ಕೂತಿದ್ದವು. ಹಿಂದೆ ತನ್ನ ಪಾಲಿನ ರೊಟ್ಟಿಯನ್ನೂ ಮುರಿದು ಅವನ ತಾಟಿಗೆ ಹಾಕಿ, "ನನಗ ಹಸಿವಿಲ್ಲ, ನೀ ತಿನ್ನು" ಎನ್ನುತ್ತಿದ್ದ ಕೈ ಅದು. ಹುಡುಗನಾಗಿದ್ದಾಗ ಅವನು ಆ ಮಾತನ್ನು ನಂಬಿದ್ದನು. ದೊಡ್ಡವನಾದ ಮೇಲೆ ಕೇಳಲು ಮರೆತಿದ್ದನು.

ಆಗ ಆ ಮಹಾಬಾಹುವು ಅಕ್ಕನ ಮುಂಗೈಯನ್ನು ಮೆಲ್ಲಗೆ ಹಿಡಿದು, ಆ ತುತ್ತನ್ನು ಅವಳ ಬಾಯಿಯ ಕಡೆಗೇ ತಿರುಗಿಸಿದನು.

"ಅಕ್ಕಾ, ನನ್ನ ಬಯಕಿ ಏನಂತ ಕೇಳಲೇ ಇಲ್ಲ ನೀನು. ನೀ ಹೊಟ್ಟಿತುಂಬ ಉಂಡಿದ್ದು ನಾ ಈವರೆಗೂ ನೋಡಿಲ್ಲ. ಅದ ನನ್ನ ಬಯಕಿ. ತೀರಸು. ಇಲ್ಲಂದ್ರ ಗಾಯ ಮಾಯಂಗಿಲ್ಲ."

ತನ್ನದೇ ಅಸ್ತ್ರ ತನ್ನ ಕಡೆಗೇ ತಿರುಗಿ ಬಂದಾಗ ನಿಂಬೆವ್ವ ಏನು ಮಾಡಿಯಾಳು? ಬಾಯಿ ತೆರೆದಳು. ಒಂದು ತುತ್ತಾಯಿತು, ಇನ್ನೊಂದಾಯಿತು. "ಖಾರ ಭಾಳ ಆಗೇತಿ," ಎಂದು ಸೆರಗಿನಿಂದ ಕಣ್ಣೊರಸಿಕೊಂಡಳು. ಮೊಸರಬುತ್ತಿಗೆ ಅವಳು ಮೆಣಸಿನಕಾಯಿಯನ್ನೇ ಹಾಕಿರಲಿಲ್ಲ.

ಮುತ್ತೈದೆಯರು ಪಂಕ್ತಿ ಹಿಡಿದು ಕೂತರು. ಅಂದಾನೆಪ್ಪ ಹಸಿರು ಟವೆಲನ್ನು ಹೆಗಲಿಗೇರಿಸಿ, ಬುಟ್ಟಿ ಹಿಡಿದು, ಎರಡು ಸಾಲುಗಳ ನಡುವೆ ಅಡ್ಡಡ್ಡ ನಡೆಯುತ್ತ ತಾನೇ ಬಡಿಸಿದನು. "ಇನ್ನ ಯಾರರ ಅದಾರೇನ್ರೀ? ಮುಂದ ನೋಡ್ರಿ, ಹಿಂದ ನೋಡ್ರಿ!" ಎಂದು ಹಳೆಯ ದನಿಯಲ್ಲಿ ಕೂಗಿದನು. ಬಡಿಸಿ ಮುಗಿದಾಗ ಅವನ ಹೆಬ್ಬೆರಳಿಗೆ ಮೊಸರಬುತ್ತಿಯ ಒಂದು ಅಗುಳು ಅಂಟಿಕೊಂಡಿತ್ತು. ಆ ಅಗುಳಿಗೂ ಅವನಿಗೂ ನಡೆದ ಘೋರ ದ್ವಂದ್ವಯುದ್ಧವನ್ನು ವರ್ಣಿಸಲು ಆದಿಶೇಷನ ಸಾವಿರ ನಾಲಿಗೆಗಳೂ ಸಾಲವು. ಕೊನೆಗೆ ಅವನು ಅದನ್ನು ಟವೆಲಿಗೆ ಒರೆಸಿದನು. ಶಂಕರವ್ವ ಬಾಗಿಲ ಸಂದಿಯಿಂದ ನೋಡುತ್ತಿದ್ದವಳು ಉಸಿರು ಬಿಟ್ಟಳು.

ಶುಕ್ರವಾರ ಹುಬ್ಬಳ್ಳಿಯಲ್ಲಿ ಅವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಚಟ್ನಿಗಳ ಸೆರೆವಾಸ, ರೊಟ್ಟಿಗಳ ಗಡೀಪಾರು, ಅಗುಳಿನೊಡನೆ ಕಾಳಗ, ಇಷ್ಟೆಲ್ಲದರಿಂದ ಭೂಭಾರವು ಒಂದೂವರೆ ಕಿಲೋ ಇಳಿದಿತ್ತು. "ಸಾಕು, ನಡೀರಿ," ಎಂದಳು ನರ್ಸ್. ಒಳಗೆ ಡಾಕ್ಟರಬಾಯಿಗೆ ಲಿವರು ಹೇಗೋ ಒಂದಿಷ್ಟು ಸರಿದು ದಾರಿ ಬಿಟ್ಟಿತು. ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ಮುಗಿದಿತ್ತು.

ಮರುದಿನ ನರ್ಸ್ ಲೋಟದಲ್ಲಿ ನೀರು ತಂದಿಟ್ಟು, ಒಂದೊಂದೇ ಚಮಚ ಕೊಡಿರೆಂದು ಹೇಳಿ ಹೋದಳು. ಶಂಕರವ್ವ ಚಮಚವನ್ನು ತಾನು ಹಿಡಿಯದೆ, ಜೊತೆಗೆ ಬಂದಿದ್ದ ನಿಂಬೆವ್ವನ ಕೈಗಿತ್ತಳು.

"ಬಾಯಿ ತಗಿ, ತಮ್ಮಾ."

ಅವನು ತೆರೆದನು. ಒಂದು ಚಮಚ. ಆಮೇಲೆ ಇನ್ನೊಂದು. ಮೂರನೆಯದಕ್ಕೆ ಆ ರೊಟ್ಟಿರಾಶಿಮರ್ದನನು ಕೈ ಅಡ್ಡ ಹಿಡಿದನು.

"ಸಾಕಕ್ಕಾ. ಹೊಟ್ಟಿ ತುಂಬ್ತು."

ಅವನನ್ನು ಸಾಕಿದ ಇಷ್ಟು ವರ್ಷಗಳಲ್ಲಿ ನಿಂಬೆವ್ವ ಆ ಮಾತನ್ನು ಅವನ ಬಾಯಿಂದ ಕೇಳಿದ್ದು ಅದೇ ಮೊದಲು. ಎತ್ತಿದ ಚಮಚವನ್ನು ಇಳಿಸಲು ಅವಳಿಗೆ ಮನಸ್ಸು ಬರಲಿಲ್ಲ. ಆ ನೀರನ್ನು ತಾನೇ ಕುಡಿದಳು.